ಥ್ರಾಟಲ್ ವಿಳಂಬ ಮತ್ತು ರೆವ್ ಹ್ಯಾಂಗ್: ದೋಷಪತ್ತೆಯ ಇತಿಹಾಸ

ಮ್ಯಾನ್ಯುವಲ್ ಗೇರ್ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದ ಮೇಲೆ ಎಂಜಿನ್ ತಡವಾಗಿ ಎಚ್ಚೆತ್ತರೆ ಅದು ಥ್ರಾಟಲ್ ವಿಳಂಬ. ಕಾಲು ತೆಗೆದು ಕ್ಲಚ್ ಒತ್ತಿದ ಮೇಲೂ ಎಂಜಿನ್ನಿನ ಸುತ್ತು ಇಳಿಯದೆ ಅಲ್ಲೇ ತೂಗಾಡಿದರೆ ಅದು ರೆವ್ ಹ್ಯಾಂಗ್. ನಮ್ಮ ಗ್ಯಾರೇಜುಗಳಲ್ಲಿ ಮೊದಲನೆಯದು ‘ಪಿಕಪ್ ಇಲ್ಲ’ ಎಂಬ ದೊಡ್ಡ ದೂರಿನೊಳಗೆ ಸೇರಿಹೋಗುತ್ತದೆ. ಎರಡನೆಯದಕ್ಕೆ ‘ರೇಸ್ ಇಳೀತಿಲ್ಲ’ ಎನ್ನುತ್ತಾರೆ. ಕಾರ್ಬೊರೇಟರ್ ಕಾಲದಲ್ಲಿ ಇವೆರಡೂ ಯಾವುದೋ ಭಾಗ ಕೆಟ್ಟಿದೆ ಎಂಬುದರ ಗುರುತು. ಈಗ ಶೋರೂಮಿನಿಂದ ಹೊರಬಂದ ಹೊಸ ಕಾರಿನಲ್ಲೂ ಇವು ಕಾಣುತ್ತವೆ, ಯಾವ ಭಾಗವೂ ಕೆಟ್ಟಿರುವುದಿಲ್ಲ. ಹಾಗಾಗಿ ಪತ್ತೆ ಮಾಡುವವರ ಮೊದಲ ಪ್ರಶ್ನೆಯೇ ಬದಲಾಗಿದೆ: ಇದು ಕೆಟ್ಟು ಹೀಗಾಯಿತೋ, ಕಂಪನಿಯೇ ಹೀಗೆ ಮಾಡಿ ಕಳಿಸಿದೆಯೋ?

ಸುತ್ತು ಇಳಿಯಲೆಂದು ಕಾದವರು

ಮೊದಲ ತಲೆಮಾರಿನ ಚಾಲಕರಿಗೆ ಸುತ್ತು ತಡವಾಗಿ ಇಳಿಯುವುದು ದೂರೇ ಆಗಿರಲಿಲ್ಲ, ದಿನನಿತ್ಯದ ಕೆಲಸವಾಗಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಇದ್ದದ್ದು ಸ್ಟೀರಿಂಗಿನ ಬಲಗಡೆಯ ಕೈ ಲಿವರಿನಲ್ಲಿ; ಎಡಗಡೆಯ ಲಿವರ್ ಕಿಡಿ ಹಾರುವ ಸಮಯವನ್ನು ಹಿಂದೆ ಮುಂದೆ ಮಾಡುತ್ತಿತ್ತು. ಜಾರುವ ಗೇರುಗಳಿದ್ದ ಇತರ ಕಾರುಗಳಲ್ಲಿ ಗೇರ್ ಏರಿಸುವ ಮುನ್ನ ಸುತ್ತು ಇಳಿಯಲೆಂದು ಕಾಯಲೇಬೇಕಿತ್ತು. ಕಾಯದಿದ್ದರೆ ಹಲ್ಲಿಗೆ ಹಲ್ಲು ಉಜ್ಜಿ ಇಡೀ ಬೀದಿಗೆ ಕೇಳುತ್ತಿತ್ತು.

ಲೆಕ್ಕ ಸರಳ. ಎರಡನೇ ಗೇರಿನ ಅನುಪಾತ 1.9, ಮೂರನೆಯದು 1.3 ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 3,000 ಸುತ್ತಿನಲ್ಲಿ ಗೇರ್ ಬದಲಿಸಿದರೆ, ಅದೇ ವೇಗಕ್ಕೆ ಮೂರನೇ ಗೇರಿನಲ್ಲಿ ಎಂಜಿನ್ ಇರಬೇಕಾದದ್ದು ಸುಮಾರು 2,050ರಲ್ಲಿ. ಕೈ ಗೇರನ್ನು ದಾಟಿಸುವಷ್ಟರಲ್ಲಿ ಎಂಜಿನ್ 950 ಸುತ್ತು ಕಳೆದುಕೊಂಡಿರಬೇಕು. 1928ರಲ್ಲಿ ಕ್ಯಾಡಿಲಾಕ್ ಸಿಂಕ್ರೊಮೆಶ್ ತಂದ ಮೇಲೆ ಹಲ್ಲು ಉಜ್ಜುವುದು ನಿಂತಿತು. ನಡುವೆ ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಮತ್ತೆ ಒತ್ತುವ ಡಬಲ್ ಕ್ಲಚ್ ಕೌಶಲ ಲಾರಿ ಚಾಲಕರ ಪಾಲಿಗೆ ಉಳಿಯಿತು. ಆದರೆ ಸಿಂಕ್ರೊಮೆಶ್ ಸರಿಹೊಂದಿಸುವುದು ಗೇರ್‌ಬಾಕ್ಸಿನ ಒಳಗಿನ ವೇಗವನ್ನು ಮಾತ್ರ. ಎಂಜಿನ್ 2,800ರಲ್ಲೇ ತೂಗಾಡುತ್ತಿದ್ದರೆ, ಕ್ಲಚ್ ಬಿಟ್ಟಾಗ ಆ ಹೆಚ್ಚುವರಿ 750 ಸುತ್ತನ್ನು ಕ್ಲಚ್ ಪ್ಲೇಟೇ ಉಜ್ಜಿ ಇಳಿಸಬೇಕು. ಕಾರು ಮುಂದಕ್ಕೆ ಎಗರುತ್ತದೆ, ಪಕ್ಕದಲ್ಲಿ ಕೂತವರು ಡ್ರೈವರನ್ನು ನೋಡುತ್ತಾರೆ. ರೆವ್ ಹ್ಯಾಂಗಿಗೆ ಬಲಿಯಾದ ಎಷ್ಟೋ ಒಳ್ಳೆಯ ಚಾಲಕರು ತಮ್ಮ ಕಾಲನ್ನೇ ಅನುಮಾನಿಸಿದ್ದಾರೆ.

ಕಾರ್ಬೊರೇಟರಿನ ಕಾಲ

ಕಾರ್ಬೊರೇಟರಿನಲ್ಲಿ ವಿಳಂಬದ ಕಾರಣ ಕಣ್ಣಿಗೆ ಕಾಣುವಂಥದ್ದು. ಪೆಡಲ್ ದಿಢೀರನೆ ಒತ್ತಿದರೆ ಗಾಳಿ ಥಟ್ಟನೆ ನುಗ್ಗುತ್ತದೆ, ಗಾಳಿಗಿಂತ ಭಾರವಾದ ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಕ್ಷಣದಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಮುಗ್ಗರಿಸುತ್ತದೆ. ಇದಕ್ಕೆ ಮದ್ದಾಗಿ ಬಂದದ್ದು ಆಕ್ಸಿಲರೇಟರ್ ಪಂಪ್: ಪೆಡಲಿನ ಜೊತೆಗೇ ಒಂದು ಪುಟ್ಟ ಪಿಸ್ಟನ್ ಅಥವಾ ಡಯಾಫ್ರಮ್ ಒತ್ತಿ ಪೆಟ್ರೋಲಿನ ಒಂದು ಎಳೆಯನ್ನು ಚಿಮ್ಮಿಸುತ್ತದೆ. ಬ್ರಿಟನ್ನಿನ ಸ್ಕಿನ್ನರ್ ಸೋದರರ ಎಸ್‌ಯು ಕಾರ್ಬೊರೇಟರಿನಲ್ಲಿ ಪಂಪೇ ಇರಲಿಲ್ಲ. ಅದರ ನೆತ್ತಿಯ ಡ್ಯಾಶ್‌ಪಾಟಿನಲ್ಲಿ ತುಂಬಿದ ಎಣ್ಣೆ ಒಳಗಿನ ಪಿಸ್ಟನ್ ಗಕ್ಕನೆ ಮೇಲೇಳದಂತೆ ತಡೆಯುತ್ತಿತ್ತು. ಹಾಗೆ ತಡೆದಾಗ ಹೀರುವ ಬಲ ಹೆಚ್ಚಿ ಹೆಚ್ಚು ಪೆಟ್ರೋಲ್ ಬರುತ್ತಿತ್ತು. ಮಾರಿಸ್, ಎಂಜಿ ಕಾರುಗಳನ್ನು ಇಟ್ಟುಕೊಂಡವರಿಗೆ ಮುಗ್ಗರಿಕೆಯ ಮೊದಲ ತಪಾಸಣೆ ಎಂದರೆ ಆ ಪಿತ್ತಾಳೆಯ ಮುಚ್ಚಳ ಬಿಚ್ಚಿ ಎಣ್ಣೆ ಇದೆಯೇ ಎಂದು ನೋಡುವುದು.

ಸುತ್ತು ಇಳಿಯದಿರುವುದಕ್ಕೂ ಕಾರಣಗಳ ಪಟ್ಟಿ ಚಿಕ್ಕದಿತ್ತು: ಹೊರಕವಚದೊಳಗೆ ತುಕ್ಕು ಹಿಡಿದ ಆಕ್ಸಿಲರೇಟರ್ ಕೇಬಲ್, ಸೋತ ಸ್ಪ್ರಿಂಗ್, ಸವೆದ ಥ್ರಾಟಲ್ ದಂಡದ ಸಂದಿನಿಂದ ನುಗ್ಗುವ ಗಾಳಿ, ಒಳಗೆ ತಳ್ಳಲು ಮರೆತ ಚೋಕ್. 1983ರಿಂದ ರಸ್ತೆಗಿಳಿದ ಮಾರುತಿ 800 ಕಾರುಗಳಲ್ಲಿ ಕಲಿತ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ ಬೆರಳಿನಿಂದಲೇ ಲಿಂಕೇಜ್ ತಿರುಗಿಸಿ, ಕಿವಿಗೊಟ್ಟು, ‘ಸೆಟ್ಟಿಂಗ್ ಹೋಗಿದೆ’ ಎಂದು ಸ್ಕ್ರೂಡ್ರೈವರ್ ಹಿಡಿಯುತ್ತಿದ್ದರು. ಬಹುಪಾಲು ಸಲ ಅದು ಸರಿಯಾದ ನಿರ್ಣಯವೇ.

ಹೊಗೆಯ ಕಾನೂನು ಬಂದಾಗ

ಈ ಇತಿಹಾಸದ ತಿರುವು ಕ್ಯಾಲಿಫೋರ್ನಿಯಾದಲ್ಲಿದೆ. 1966ರ ಮಾದರಿಯ ಕಾರುಗಳಿಂದ ಅಲ್ಲಿ ಸೈಲೆನ್ಸರಿನಿಂದ ಹೊರಬರುವ ಹೈಡ್ರೊಕಾರ್ಬನ್ ಮತ್ತು ಕಾರ್ಬನ್ ಮಾನಾಕ್ಸೈಡಿಗೆ ಮಿತಿ ಬಂತು. 1970ರ ಕ್ಲೀನ್ ಏರ್ ಆ್ಯಕ್ಟ್ ಅಮೆರಿಕದಾದ್ಯಂತ ಹಿಡಿತ ಬಿಗಿ ಮಾಡಿತು. ಎಂಜಿನಿಯರುಗಳು ಹೊಗೆಯನ್ನು ಅಳೆಯುತ್ತಾ ಹೋದಂತೆ ಗೊತ್ತಾದದ್ದು ಇಷ್ಟು: ಕಾಲು ತೆಗೆದ ಆ ಕ್ಷಣವೇ ಅತ್ಯಂತ ಕೊಳಕಾದ ಕ್ಷಣಗಳಲ್ಲಿ ಒಂದು. ಥ್ರಾಟಲ್ ಪಟ್ಟನೆ ಮುಚ್ಚಿದರೆ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಏರುತ್ತದೆ. ಗೋಡೆಗೆ ತೆಳ್ಳಗೆ ಅಂಟಿಕೊಂಡ ಪೆಟ್ರೋಲ್ ಒಮ್ಮೆಗೇ ಆವಿಯಾಗಿ ಒಳನುಗ್ಗುತ್ತದೆ. ಸುಡಲು ಬೇಕಾದಷ್ಟು ಗಾಳಿ ಅಲ್ಲಿಲ್ಲ. ಅರೆಬೆಂದ ಇಂಧನ ಹೊರಗೆ ಹೋಗುತ್ತದೆ.

ಪರಿಹಾರವಾಗಿ ಥ್ರಾಟಲ್ ನಿಧಾನಕ್ಕೆ ಮುಚ್ಚುವಂತೆ ಮಾಡುವ ಸಾಧನಗಳು ಬಂದವು. ಆಟೊಮ್ಯಾಟಿಕ್ ಗೇರಿನ ಕಾರು ಗಕ್ಕನೆ ಆಫ್ ಆಗದಿರಲೆಂದು ಮೊದಲೇ ಬಳಕೆಯಲ್ಲಿದ್ದ ಡ್ಯಾಶ್‌ಪಾಟನ್ನು ಈ ಕೆಲಸಕ್ಕೂ ಹಚ್ಚಿದರು. ಬೇಕೆಂದೇ ಮಾಡಿದ ರೆವ್ ಹ್ಯಾಂಗ್ ಹುಟ್ಟಿದ್ದು ಇಲ್ಲಿ. 1970ರ ದಶಕದ ಮಾಲೀಕರಲ್ಲಿ ಅನೇಕರು ಅದನ್ನು ಬಿಚ್ಚಿ ಎಸೆದರು. ಆಗ ಸ್ಪ್ಯಾನರ್ ಇದ್ದರೆ ಸಾಕಿತ್ತು.

ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದಾಗ ಸಮಸ್ಯೆ ಮುಗಿಯಬೇಕಿತ್ತು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನೊಂದಿಗೆ ಅಮೆರಿಕದ ಮಾರುಕಟ್ಟೆಗೆ ಹೋದ ಬಾಷ್ ಕಂಪನಿಯ ಡಿ-ಜೆಟ್ರಾನಿಕ್, ಹೊಗೆಯ ಮಿತಿಗೆ ಸಿಕ್ಕ ಉತ್ತರಗಳಲ್ಲಿ ಒಂದು. ಕಾಲು ತೆಗೆದಾಗ ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುವ ಅವಕಾಶ ಇಂಜೆಕ್ಷನ್ನಿಗಿತ್ತು: ಪೆಟ್ರೋಲೇ ಇಲ್ಲ, ಇನ್ನು ಹೊಗೆ ಎಲ್ಲಿಂದ? ಆದರೆ 1976ರಲ್ಲಿ ವೋಲ್ವೊ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರನ್ನು ಕಾರಿಗೆ ಅಳವಡಿಸಿತು, ಅದರ ಬೆನ್ನಿಗೆ ಮೂರು ವಿಷಾನಿಲಗಳನ್ನು ಒಟ್ಟಿಗೆ ಶುದ್ಧಮಾಡುವ ತ್ರೀ-ವೇ ಕ್ಯಾಟಲಿಟಿಕ್ ಕನ್ವರ್ಟರ್ ಹರಡಿತು. ಈ ಕನ್ವರ್ಟರಿಗೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ತೂಕದಲ್ಲಿ 14.7ಕ್ಕೆ 1ರ ಆಸುಪಾಸಿನಲ್ಲೇ ಇರಬೇಕು. ಇಂಧನ ನಿಲ್ಲಿಸಿದರೆ ಎಂಜಿನ್ ಬರೀ ಗಾಳಿಯನ್ನು ತಳ್ಳುತ್ತದೆ. ಕನ್ವರ್ಟರ್ ತನ್ನೊಳಗೆ ಆಮ್ಲಜನಕವನ್ನು ತುಂಬಿಕೊಳ್ಳುತ್ತದೆ. ಮತ್ತೆ ಪೆಟ್ರೋಲ್ ಹಾರಿಸಿದಾಗ, ಆ ಆಮ್ಲಜನಕ ಖಾಲಿಯಾಗುವವರೆಗೆ ನೈಟ್ರೋಜನ್ ಆಕ್ಸೈಡುಗಳು ಶುದ್ಧವಾಗದೆ ಸೋರಿಹೋಗುತ್ತವೆ. ಉದ್ದನೆಯ ಇಳಿಜಾರಿನಲ್ಲಿ ಇಂಧನ ನಿಲ್ಲಿಸಿದರೆ ಲಾಭವುಂಟು. ಅರೆ ಸೆಕೆಂಡಿನ ಗೇರ್ ಬದಲಾವಣೆಗೆ ನಿಲ್ಲಿಸಿ ಮತ್ತೆ ಶುರುಮಾಡಿದರೆ ನಷ್ಟ. ಅದಕ್ಕೇ ತಯಾರಕರು ಗೇರ್ ಬದಲಿಸುವಾಗ ಎಂಜಿನ್ ತುಸು ಉರಿಯುತ್ತಲೇ ಇರಲಿ, ಥ್ರಾಟಲ್ ನಿಧಾನಕ್ಕೆ ಮುಚ್ಚಲಿ ಎಂದು ಬಿಟ್ಟರು.

ಹೊಗೆ ಅಳೆಯುವ ಯುರೋಪಿನ ಹಳೆಯ ಪರೀಕ್ಷಾ ಚಕ್ರದಲ್ಲಿ ಮ್ಯಾನ್ಯುವಲ್ ಕಾರು ಗಂಟೆಗೆ 15, 35, 50 ಕಿ.ಮೀ. ವೇಗಗಳಲ್ಲಿ ಗೇರ್ ಬದಲಿಸಲೇಬೇಕಿತ್ತು. ನಗರದ ಭಾಗವನ್ನು ನಾಲ್ಕು ಬಾರಿ ಓಡಿಸುತ್ತಿದ್ದರು. ಪ್ರತಿ ಬದಲಾವಣೆಯ ಹೊಗೆಯೂ ಲೆಕ್ಕಕ್ಕೆ ಬರುತ್ತಿತ್ತು. ಭಾರತದ ಪರೀಕ್ಷಾ ಚಕ್ರವೂ ಇದರದ್ದೇ ರೂಪಾಂತರ, ಗರಿಷ್ಠ ವೇಗ ಮಾತ್ರ 120ರ ಬದಲು 90.

ಕೇಬಲ್ ಹೋಗಿ ವೈರ್ ಬಂದದ್ದು

1987ರಲ್ಲಿ ಬಂದ ಬಿಎಂಡಬ್ಲ್ಯು 750ಐಎಲ್ ಕಾರಿನ ಹನ್ನೆರಡು ಸಿಲಿಂಡರ್ ಎಂಜಿನ್ನಿನಲ್ಲಿ ಪೆಡಲ್ ಮತ್ತು ಥ್ರಾಟಲ್ ನಡುವೆ ಕೇಬಲ್ ಇರಲಿಲ್ಲ. ಹತ್ತು ವರ್ಷದ ನಂತರ 1997ರ ಕಾರ್ವೆಟ್ ಕೂಡ ಅದೇ ದಾರಿ ಹಿಡಿಯಿತು. ಮುಂದಿನ ದಶಕದಲ್ಲಿ ಅಗ್ಗದ ಕಾರಿಗೂ ಇದು ಇಳಿಯಿತು. ಪೆಡಲಿನಲ್ಲಿ ಎರಡು ಸೆನ್ಸರ್, ಥ್ರಾಟಲ್ ಬಾಡಿಯಲ್ಲಿ ಇನ್ನೆರಡು, ಒಂದರ ಮಾತನ್ನು ಇನ್ನೊಂದು ತಾಳೆ ನೋಡುತ್ತದೆ.

ಚಾಲಕರಿಗೆ ಸರಿಯಾಗಿ ಅರ್ಥವಾಗದೆ ಉಳಿದ ಬದಲಾವಣೆ ಇಲ್ಲಿಯದೇ. 1990ರ ದಶಕದ ಕೊನೆಯ ಹೊತ್ತಿಗೆ ಬಂದ ನಿಯಂತ್ರಣ ತಂತ್ರಾಂಶಗಳಲ್ಲಿ ಪೆಡಲ್ ಎನ್ನುವುದು ಥ್ರಾಟಲಿಗೆ ಕೊಡುವ ಅಪ್ಪಣೆಯಲ್ಲ, ಇಷ್ಟು ಟಾರ್ಕ್ ಬೇಕೆಂದು ಹಾಕುವ ಅರ್ಜಿ. ಎಸಿ, ಕ್ರೂಸ್ ಕಂಟ್ರೋಲ್, ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ ಎಲ್ಲವೂ ತಮ್ಮ ತಮ್ಮ ಅರ್ಜಿ ಹಾಕುತ್ತವೆ; ಎಂಜಿನ್ನಿನ ಗಣಕವಾದ ಇಸಿಯು ಎಲ್ಲವನ್ನೂ ನೋಡಿ ಎಷ್ಟು ಮಂಜೂರು ಮಾಡಬೇಕೆಂದು ತೀರ್ಮಾನಿಸುತ್ತದೆ. ಗೇರ್ ಹಲ್ಲುಗಳ ಸಡಿಲ, ಎಂಜಿನ್ ಮೌಂಟಿಂಗಿನ ರಬ್ಬರಿನ ಕುಲುಕು ಚಾಲಕನಿಗೆ ತಿಳಿಯಬಾರದೆಂದು ಟಾರ್ಕನ್ನು ಮೆಲ್ಲಗೆ ಏರಿಸುವ ಸೋಸುಗವೊಂದನ್ನೂ ಇಟ್ಟಿರುತ್ತಾರೆ. ಥ್ರಾಟಲ್ ವಿಳಂಬ ಎಂದು ಜನ ದೂರುವುದರಲ್ಲಿ ದೊಡ್ಡ ಪಾಲು ಈ ಸೋಸುಗದ್ದು. ಟರ್ಬೊ ಕಾರಿನಲ್ಲಿ ಟರ್ಬೈನ್ ವೇಗ ಹಿಡಿಯುವ ತಡವೂ ಇದಕ್ಕೆ ಸೇರುತ್ತದೆ. ಅದು ಬೇರೆಯೇ ವಿಷಯ, 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾಲದಿಂದಲೂ ಇರುವಂಥದ್ದು.

ಕೇಬಲ್ ಇಲ್ಲದ್ದಕ್ಕೆ ಜನರಲ್ಲಿ ಅಳುಕು ಇದ್ದೇ ಇತ್ತು. 2009ರಿಂದಾಚೆಗೆ ಟೊಯೊಟಾ ಕಾರುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂಬ ಆರೋಪ ಅಮೆರಿಕದಲ್ಲಿ ಎದ್ದಾಗ ಸರ್ಕಾರ ನಾಸಾದ ಎಂಜಿನಿಯರುಗಳನ್ನೇ ಕರೆಸಿತು. 2011ರ ಫೆಬ್ರವರಿಯಲ್ಲಿ ಬಂದ ವರದಿಯಲ್ಲಿ ಎಲೆಕ್ಟ್ರಾನಿಕ್ ಕಾರಣ ಸಿಕ್ಕಲಿಲ್ಲ; ಕಾಲ್ಚಾಪೆಗೆ ಸಿಕ್ಕಿಬೀಳುವ ಪೆಡಲ್, ಅಂಟಿಕೊಳ್ಳುವ ಪೆಡಲ್ ಎಂಬ ಯಾಂತ್ರಿಕ ಕಾರಣಗಳು ಉಳಿದವು.

ಭಾರತದಲ್ಲಿ ಈ ಹಾದಿ ಬೇಗಬೇಗನೆ ಸಾಗಿತು. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 2017ರ ಏಪ್ರಿಲ್‌ನಲ್ಲಿ ಬಿಎಸ್-4 ಹೊಗೆಮಿತಿ ದೇಶವಿಡೀ ಬಂತು. ಐದನೆಯ ಹಂತವನ್ನು ಹಾರಿ 2020ರ ಏಪ್ರಿಲ್ 1ಕ್ಕೆ ಬಿಎಸ್-6. ಈ ಬದಲಾವಣೆಯಲ್ಲಿ ಬೆಂಗಳೂರಿನ ಪಾಲೂ ಇದೆ: 1951ರಲ್ಲಿ ಇಲ್ಲಿ ಮೈಕೊ ಹೆಸರಿನಲ್ಲಿ ಶುರುವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ, ಆಡುಗೋಡಿಯ ಜನರ ಬಾಯಲ್ಲಿ ಇನ್ನೂ ಮೈಕೊ.

ಈಗಿನ ಪತ್ತೆ

1996ರಿಂದ ಅಮೆರಿಕದಲ್ಲಿ ಕಡ್ಡಾಯವಾದ, ಇಸಿಯುಗೆ ಸ್ಕ್ಯಾನರ್ ಜೋಡಿಸುವ ಒಬಿಡಿ-2 ಸಾಕೆಟ್ ಪತ್ತೆಯ ರೀತಿಯನ್ನೇ ಬದಲಿಸಿತು. ‘ಸ್ಕ್ಯಾನರ್ ಹಾಕಿ ನೋಡಿ’ ಎನ್ನುವವರು ಸಾಮಾನ್ಯವಾಗಿ ದೋಷಸಂಕೇತವನ್ನಷ್ಟೇ ಹುಡುಕುತ್ತಾರೆ. ಪಿ2135 ಬಂದರೆ ಥ್ರಾಟಲಿನ ಎರಡು ಸೆನ್ಸರುಗಳ ಮಾತು ತಾಳೆಯಾಗುತ್ತಿಲ್ಲ. ಪಿ0507 ಬಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಆದರೆ ರೆವ್ ಹ್ಯಾಂಗಿನ ಹೆಚ್ಚಿನ ಪ್ರಕರಣಗಳಲ್ಲಿ ಸಂಕೇತವೇ ಇರುವುದಿಲ್ಲ. ನೋಡಬೇಕಾದದ್ದು ಓಡುತ್ತಿರುವ ಅಂಕಿಗಳನ್ನು: ಪೆಡಲಿನ ಸ್ಥಾನ, ಇಸಿಯು ಕೇಳಿದ ಥ್ರಾಟಲ್ ತೆರೆತ, ನಿಜವಾದ ತೆರೆತ, ಸುತ್ತು. ಅಗ್ಗದ ಬ್ಲೂಟೂತ್ ಅಡಾಪ್ಟರುಗಳು ಸೆಕೆಂಡಿಗೆ ಕೆಲವೇ ಸಲ ಓದುವುದರಿಂದ ಈ ನಾಲ್ಕನ್ನು ಬಿಟ್ಟು ಉಳಿದದ್ದನ್ನೆಲ್ಲ ಪರದೆಯಿಂದ ತೆಗೆದುಹಾಕುವುದು ಜಾಣತನ.

ಎಂಜಿನ್ ಬಿಸಿಯಾದ ಮೇಲೆ ಪರೀಕ್ಷೆ. ತಣ್ಣಗಿರುವಾಗ ಕನ್ವರ್ಟರನ್ನು ಕಾಯಿಸಲೆಂದೇ ಸುತ್ತು ಏರಿರುತ್ತದೆ, ಅದನ್ನು ದೋಷವೆಂದು ಬಗೆಯಬಾರದು. ನಿಂತಲ್ಲೇ ನ್ಯೂಟ್ರಲ್‌ನಲ್ಲಿ 3,000ಕ್ಕೆ ಏರಿಸಿ ಕಾಲು ತೆಗೆಯಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ, ಚಲಿಸುತ್ತಿರುವಾಗ ಕ್ಲಚ್ ಒತ್ತಿ ಅದೇ ಪರೀಕ್ಷೆ. ನಿಂತಾಗ ಚೆನ್ನಾಗಿ ಇಳಿದು, ಚಲಿಸುವಾಗ ಮಾತ್ರ ತೂಗಾಡಿದರೆ ಅದು ತಂತ್ರಾಂಶದ ಕೆಲಸವಿರಬಹುದು. ಕ್ಲಚ್ ಪೆಡಲಿನ ಸ್ವಿಚ್ಚನ್ನೂ ಆಗಲೇ ನೋಡಬೇಕು, ಏಕೆಂದರೆ ಅದು ಸುಳ್ಳು ಹೇಳಿದರೆ ಗೇರ್ ಬದಲಾಗುತ್ತಿದೆ ಎಂಬುದೇ ಇಸಿಯುಗೆ ತಿಳಿಯುವುದಿಲ್ಲ.

ಪೆಡಲ್ ಬಿಟ್ಟ ಮೇಲೂ ಕೇಳಿದ ತೆರೆತ, ನಿಜವಾದ ತೆರೆತ ಎರಡೂ ಹೆಚ್ಚಿದ್ದರೆ ಇಸಿಯು ತಿಳಿದೇ ಹಾಗೆ ಮಾಡುತ್ತಿದೆ. ಕೇಳಿದ್ದು ಕಡಿಮೆ, ನಿಜವಾದದ್ದು ಹೆಚ್ಚು ಎಂದಾದರೆ ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿರಬಹುದು. ಎರಡೂ ಮುಚ್ಚಿವೆ, ಆದರೂ ಸುತ್ತು ಇಳಿಯುತ್ತಿಲ್ಲ ಎಂದರೆ ಗಾಳಿ ಬೇರೆಲ್ಲಿಂದಲೋ ನುಸುಳುತ್ತಿದೆ: ಬ್ರೇಕ್ ಬೂಸ್ಟರಿನ ಪೈಪ್, ಪಿಸಿವಿ ವಾಲ್ವ್, ಮುಚ್ಚದೆ ಉಳಿದ ಪರ್ಜ್ ವಾಲ್ವ್. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಕಾರಿನಲ್ಲಿ ಇಂಥ ಸೋರಿಕೆ ಇಂಧನ ತಿದ್ದುಪಡಿಯ ಅಂಕಿಯನ್ನು ಮೇಲಕ್ಕೆತ್ತುತ್ತದೆ. ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುವ ಕಾರಿನಲ್ಲಿ ನುಸುಳಿದ ಗಾಳಿಯೂ ಲೆಕ್ಕಕ್ಕೆ ಸಿಕ್ಕಿಬಿಡುವುದರಿಂದ ಆ ಅಂಕಿ ಸಾಧುವಾಗಿಯೇ ಇದ್ದು, ಸುತ್ತು ಮಾತ್ರ ಏರುತ್ತದೆ. ಅಂಕಿ ಚೆನ್ನಾಗಿದೆ ಎಂದು ಸೋರಿಕೆ ಹುಡುಕದೆ ಬಿಡುವ ತಪ್ಪು ಆಗುವುದು ಇಲ್ಲೇ.

ವಿಳಂಬದ ದೂರಿನಲ್ಲಿ ಮೊದಲು ಕ್ಲಚ್ಚನ್ನು ಅನುಮಾನದಿಂದ ಹೊರಗಿಡಬೇಕು. ಸುತ್ತು ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ, ಥ್ರಾಟಲ್ ನಿರಪರಾಧಿ. ಥ್ರಾಟಲ್ ಬಾಡಿ ಕ್ಲೀನಿಂಗ್ ನಮ್ಮಲ್ಲಿ ಎಲ್ಲ ರೋಗಕ್ಕೂ ಒಂದೇ ಕಷಾಯವಾಗಿದೆ. ಮಾಡಿಸುವುದಾದರೂ ಎಲೆಕ್ಟ್ರಾನಿಕ್ ಥ್ರಾಟಲಿನ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಿರುಗಿಸಬಾರದು. ಒಳಗಿನ ಗೇರುಗಳು ಹಲವು ಕಾರುಗಳಲ್ಲಿ ಪ್ಲಾಸ್ಟಿಕ್. ಕರಿ ಕಟ್ಟಿದ ಸ್ಥಿತಿಗೆ ಹೊಂದಿಕೊಂಡಿದ್ದ ಇಸಿಯು, ಕ್ಲೀನಿಂಗ್ ಆದ ಕೂಡಲೇ ಐಡ್ಲಿಂಗ್ ಏರಿಸಿ ಹೊಸ ದೂರನ್ನೂ ಹುಟ್ಟಿಸಬಹುದು. ಸ್ಕ್ಯಾನರಿನಲ್ಲಿ ಐಡಲ್ ರೀಲರ್ನ್ ಮಾಡಿದರೆ ಅದು ಇಳಿಯುತ್ತದೆ.

ತಯಾರಕರ ಉತ್ತರ

ಪೆಡಲಿಗೆ ಜೋಡಿಸುವ ‘ಥ್ರಾಟಲ್ ಕಂಟ್ರೋಲರ್’ ಪೆಟ್ಟಿಗೆಗಳು ಅರ್ಧ ಒತ್ತಿದ್ದನ್ನು ಮುಕ್ಕಾಲು ಎಂದು ಇಸಿಯುಗೆ ಹೇಳುತ್ತವೆ, ಅಷ್ಟೇ. ಸೋಸುಗ ಅಲ್ಲೇ ಇರುತ್ತದೆ, ರೆವ್ ಹ್ಯಾಂಗ್ ಕೂಡ. ಇಸಿಯು ರೀಮ್ಯಾಪ್ ಮಾಡುವವರು ನಿಜವಾದ ಜಾಗಕ್ಕೇ ಕೈ ಹಾಕುತ್ತಾರೆ. ಅದರ ಬೆಲೆ ಹೊಗೆಯಲ್ಲೂ ವಾರಂಟಿಯಲ್ಲೂ ತೆರಬೇಕಾದೀತು. ತಯಾರಕರ ಕಡೆಯಿಂದ 2009ರ ನಿಸ್ಸಾನ್ 370ಝಡ್, ಗೇರ್ ಲಿವರ್ ಎತ್ತ ಹೋಗುತ್ತಿದೆ ಎಂದು ನೋಡಿ ಸುತ್ತನ್ನು ತಾನೇ ಹೊಂದಿಸಿಕೊಟ್ಟಿತು. ಹೋಂಡಾ 2022ರ ಸಿವಿಕ್ ಎಸ್‌ಐ ಕಾರಿಗೆ ಹಗುರವಾದ ಫ್ಲೈವೀಲ್ ಹಾಕಿತು. ಹುಂಡೈ ಭಾರತದಲ್ಲಿ 2020ರಲ್ಲಿ ವೆನ್ಯೂ ಕಾರಿನೊಂದಿಗೆ ತಂದ ಐಎಂಟಿ ಗೇರ್‌ಬಾಕ್ಸಿನಲ್ಲಿ ಗೇರ್ ಲಿವರ್ ಉಳಿಯಿತು, ಕ್ಲಚ್ ಪೆಡಲ್ ಹೋಯಿತು. ಕ್ಲಚ್ಚನ್ನು ಯಾವಾಗ ಬಿಡಬೇಕೆಂಬ ನಿರ್ಧಾರವೂ ಗಣಕದ್ದಾಯಿತು.