ಕಟ್ಟೆಯಿಂದಾದ ತಿಟ್ಟುಗಳು

ಸಂಸಾರದ ಜಂಜಾಟದಿಂದ ಬಳಲಿದವರು ನದೀತೀರವನ್ನು ಅರಸಿ ಹೋಗುವುದು ಕನ್ನಡನಾಡಿನಲ್ಲಿ ಪೂರ್ವದಿಂದಲೂ ನಡೆದುಬಂದಿದೆ. ಶ್ರೀರಂಗಪಟ್ಟಣದ ಸಮೀಪದಲ್ಲಿ, ಕಾವೇರಿಯ ನಡುವೆ ಇರುವ ರಂಗನತಿಟ್ಟು ಅಂತಹ ವಿಹಾರಸ್ಥಾನಗಳಲ್ಲಿ ಒಂದು. ತಿಟ್ಟು ಎಂದರೆ ಎತ್ತರದ ನೆಲ. ಹುಟ್ಟುಹಾಕುವ ದೋಣಿಯಲ್ಲಿ ಕುಳಿತು, ಮರಗಳ ನೆಳಲು ಬಿದ್ದ ನೀರಿನ ಮೇಲೆ ಮೆಲ್ಲನೆ ಸಾಗುವವರಿಗೆ, ಇದು ಮನುಷ್ಯನ ಕೈ ಸೋಂಕದ ಪ್ರಕೃತಿಯೆಂದೇ ತೋರುವುದು. ಚರಿತ್ರೆಯಾದರೋ ಬೇರೊಂದನ್ನು ಹೇಳುತ್ತದೆ.

1638ರಿಂದ 1659ರವರೆಗೆ ಮೈಸೂರನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರು, 1645-48ರ ಅವಧಿಯಲ್ಲಿ ಇಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿಸಿದರು. ಹೊಳೆಯ ಮಟ್ಟವನ್ನು ಏರಿಸಿ ಕಾಲುವೆಗೆ ನೀರೂಡಿಸುವುದು ಇಂತಹ ಕಟ್ಟೆಗಳ ಧರ್ಮ. ಈ ಕಟ್ಟೆಯಿಂದ ನೀರು ಹಿಂದಕ್ಕೆ ಒತ್ತರಿಸಿ ಹರಡಲು, ನಡುವಣ ತಿಟ್ಟುಗಳು ನಡುಗಡ್ಡೆಗಳಾದುವು. ಸುತ್ತಲೂ ನೀರಿರುವುದರಿಂದ ನರಿ, ಕಾಡುಬೆಕ್ಕುಗಳ ಭಯ ಕಡಮೆ. ಮರಿಗಳಿಗೆ ಬೇಕಾದ ಮೀನು ಹತ್ತಿರದಲ್ಲಿಯೇ ಲಭ್ಯ. ಆದುದರಿಂದ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆ ಮುಂತಾದುವು ಇಲ್ಲಿ ಗೂಡುಕಟ್ಟುತ್ತವೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತ ಮಲಗಿರುತ್ತವೆ.

1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಪರಿಶೀಲಿಸಿದ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಈ ಸ್ಥಳದ ಮಹತ್ತ್ವವನ್ನು ಅರಿತು ಅರಸರಿಗೆ ನಿವೇದಿಸಿದರು. ತತ್ಫಲವಾಗಿ 1940ರಲ್ಲಿ ಇದು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ರಾಮ್ಸಾರ್ ಒಪ್ಪಂದದ ಮೇರೆಗೆ ಅಂತಾರಾಷ್ಟ್ರೀಯ ಮನ್ನಣೆಯನ್ನೂ ಪಡೆಯಿತು.

ಆದರೆ ಮನ್ನಣೆಯೊಂದರಿಂದಲೇ ಗೂಡು ನಿಲ್ಲದು. ಮೇಲ್ಗಡೆಯಲ್ಲಿ, 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರವಿದೆ. ಮಳೆಗಾಲದಲ್ಲಿ ಅದು ತುಂಬಿ ನೀರು ಬಿಟ್ಟಾಗ ತಿಟ್ಟುಗಳು ಮುಳುಗುವುದುಂಟು. 2018 ಮತ್ತು 2019ರ ಪ್ರವಾಹಗಳಲ್ಲಿ ದೋಣಿವಿಹಾರವೇ ನಿಂತಿತು. ವಿಹಾರಾರ್ಥಿಗಳಿಗೆ ಅದು ತಾತ್ಕಾಲಿಕವಾದ ಆಶಾಭಂಗ. ನೆಲ ಕೊಚ್ಚಿಹೋಗಿ ಮರವುರುಳಿದರೆ ಪಕ್ಷಿಗಳಿಗೆ ಅದು ಮನೆಯ ನಾಶ. ಗದ್ದೆ, ನಗರ, ಗೂಡು ಈ ಮೂರೂ ಒಂದೇ ಹೊಳೆಯನ್ನು ನಂಬಿವೆ. ಮೊದಲೆರಡಕ್ಕೆ ಕೇಳುವ ಬಾಯಿದೆ, ಮೂರನೆಯದಕ್ಕಿಲ್ಲ.

ಕೃಷಿಗೆಂದು ನೀರನ್ನು ತಡೆದ ಕೈಯೇ ಅರಿಯದೆ ಹಕ್ಕಿಗಳಿಗೆ ಆಶ್ರಯವನ್ನು ಕೊಟ್ಟಿತು. ಅರಿಯದೆ ಕೊಟ್ಟುದನ್ನು ಅರಿತು ಕಾಯುವುದು ಈ ಕಾಲದವರ ಹೊಣೆ. ಅಲ್ಲಿಗೆ ಹೋಗುವವರು ಗದ್ದಲವಿಲ್ಲದೆ, ಗೂಡುಗಳ ಬಳಿ ದೋಣಿಯನ್ನು ಒಯ್ಯಲು ಅಂಬಿಗನನ್ನು ಒತ್ತಾಯಿಸದೆ ಇದ್ದರೆ, ಅವರು ಅರಸಿಹೋದ ಶಾಂತಿ ಅವರಿಗೂ ದೊರೆಯುವುದು, ಪಕ್ಷಿಗಳಿಗೂ ಉಳಿಯುವುದು.