‘ಇಸು’ ಮೇಲೆ ಹೊರಿಸಿದ ಭಾರ

ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ 2003ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಿಂದಾಗಿ ಕನ್ನಡದ ಮೂರು ವರ್ಷದ ಮಕ್ಕಳು, ಹುಟ್ಟಿನಿಂದಲೇ ಬರುತ್ತದೆನ್ನುವ ಸಾರ್ವತ್ರಿಕ ವ್ಯಾಕರಣದ ಪರವಾಗಿ ಸಾಕ್ಷಿ ನುಡಿದಂತಾಯಿತು. ಕೇಳಿದ ವಾಕ್ಯವನ್ನು ಮಕ್ಕಳು ಆಟಿಕೆಗಳಿಂದ ಆಡಿ ತೋರಿಸಬೇಕು. ವಾಕ್ಯದಲ್ಲಿ ಎರಡು ನಾಮಪದಗಳಿದ್ದರೆ ಒಬ್ಬರು ಇನ್ನೊಬ್ಬರಿಂದ ಮಾಡಿಸಿದಂತೆ ಆಡಿದರು. ಕ್ರಿಯಾಪದಕ್ಕೆ ‘ಮಾಡಿಸು’ ಎಂಬಲ್ಲಿರುವಂಥ ಪ್ರೇರಣೆಯ ಪ್ರತ್ಯಯ ‘ಇಸು’ ಹತ್ತಿದೆಯೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕನ್ನಡದಲ್ಲಿ ಕರ್ತೃ, ಕರ್ಮಗಳನ್ನು ಧಾರಾಳವಾಗಿ ಬಿಡುತ್ತೇವೆ, ಆದ್ದರಿಂದ ನಾಮಪದಗಳ ಎಣಿಕೆ ನೆಚ್ಚತಕ್ಕದ್ದಲ್ಲ, ನೆಚ್ಚತಕ್ಕದ್ದು ‘ಇಸು’. ಆದರೂ ಮಕ್ಕಳು ಎಣಿಕೆಗೇ ಜೋತುಬಿದ್ದರೆಂದರೆ ಆ ಒಲವು ಕೇಳಿ ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು. ಇದು ಅವರ ವಾದ.

ಮುಂದಿನ ವರ್ಷವೇ ಭಾಷಾವಿಜ್ಞಾನಿ ಅಡೆಲ್ ಗೋಲ್ಡ್‌ಬರ್ಗ್ ಅದೇ ಪತ್ರಿಕೆಯಲ್ಲಿ ಆಕ್ಷೇಪಿಸಿದರು. ಹೇಳಬೇಕಾದವರನ್ನು ಹೆಸರಿಸುವುದು, ಹೆಸರಿಸಿದವರನ್ನು ಮುಖ್ಯರೆಂದು ತಿಳಿಯುವುದು ಮಾತುಕತೆಯ ಸಾಮಾನ್ಯ ರೀತಿ, ಅದಕ್ಕೆ ಹುಟ್ಟು ವ್ಯಾಕರಣ ಬೇಕಿಲ್ಲ ಎಂದರು. ಲಿಡ್ಜ್ ಮತ್ತು ಲೀಲಾ ಗ್ಲೈಟ್‌ಮನ್ ಬೇಕೇ ಬೇಕೆಂದು ಉತ್ತರಿಸಿದರು. ಈ ಜಗಳ ನಾಮಪದಗಳ ಸುತ್ತಲೇ ತಿರುಗಿತು. ನನ್ನ ತಕರಾರು ಪ್ರತ್ಯಯದ ಬಗ್ಗೆ.

‘ಇಸು’ ಕೇಳಿದಲ್ಲಿ ಪ್ರೇರಣೆಯನ್ನು ಊಹಿಸಬಹುದೇ? ನಮ್ಮ ವೈಯಾಕರಣರು ಹಾಗೆ ಹೇಳಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನಿಂದ ಇಂದಿನ ಶಾಲಾ ವ್ಯಾಕರಣದವರೆಗೆ ‘ಇಸು’ ಪ್ರೇರಣಾರ್ಥಕ್ಕೂ ಸಲ್ಲುತ್ತದೆ, ನಾಮಪದ ಮತ್ತು ಅನುಕರಣ ಶಬ್ದಗಳಿಂದ ಧಾತು ಕಟ್ಟುವುದಕ್ಕೂ ಸಲ್ಲುತ್ತದೆ. ‘ಜನಿಸು’, ‘ಥಳಥಳಿಸು’ ಎಂಬಲ್ಲಿ ಯಾರೂ ಯಾರಿಂದಲೂ ಏನನ್ನೂ ಮಾಡಿಸುತ್ತಿಲ್ಲ.

ಇವು ಗ್ರಂಥಭಾಷೆಯ ಪದಗಳು, ಮೂರು ವರ್ಷದ ಮಗುವಿನ ಕಿವಿಗೆ ಬೀಳುವುದಿಲ್ಲ ಎನ್ನಬಹುದು. ಒಪ್ಪುತ್ತೇನೆ. ಹಾಗಾದರೆ ಮಗುವಿನ ಕಿವಿಗೆ ಬೀಳುವುದನ್ನೇ ನೋಡೋಣ. ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಮನೆಯಿಂದಲೇ ಕೆಲಸ ಮಾಡುವ ತಾಯಿ ಮೀಟಿಂಗಿನಲ್ಲಿ ಕೇಳುತ್ತಾಳೆ: “ಸ್ಕ್ರೀನ್ ಕಾಣಿಸ್ತಿದ್ಯಾ? ನನ್ನ ವಾಯ್ಸ್ ಕೇಳಿಸ್ತಿದ್ಯಾ?” ಎರಡರಲ್ಲೂ ‘ಇಸು’ ಇದೆ, ಮಾಡಿಸುವವರು ಯಾರೂ ಇಲ್ಲ. ಅದು ಬೇರೆ ‘ಇಸು’ ಎಂದು ವಿದ್ವಾಂಸರು ಹೇಳಿಯಾರು. ಮಗುವಿಗೆ ಅದನ್ನು ಮೊದಲೇ ತಿಳಿಸಿದವರು ಯಾರು? ಬೆಂಗಳೂರಿನ ಬಾಯಲ್ಲಿ ‘ಇಸು’ವೇ ‘ನಿಲ್ಸು’, ‘ಕೂರ್ಸು’, ‘ಕಾಣ್ಸು’ ಆಗಿ ಒಂದು ಸಕಾರಕ್ಕೆ ಇಳಿದಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಇನ್ನೊಂದು ಮಗ್ಗುಲು: ಪ್ರೇರಣೆಯ ಅರ್ಥವಿದ್ದಲ್ಲಿ ‘ಇಸು’ ಬಂದೇ ಬರುತ್ತದೆಯೇ? ಲೋಟ ಒಡೆಯಿತು, ಅವನು ಲೋಟ ಒಡೆದ. ಕಡ್ಡಿ ಮುರಿಯಿತು, ಅವಳು ಕಡ್ಡಿ ಮುರಿದಳು. ಧಾತು ಒಂದೇ. ಇಲ್ಲಿ ವ್ಯತ್ಯಾಸ ತೋರಿಸುವುದು ಪಕ್ಕದ ನಾಮಪದಗಳೇ. ಪೀಣ್ಯದ ಶೆಡ್ಡುಗಳಿಗೆ ಬಂದರೆ ‘ಇಸು’ವಿನ ಪಾಲು ಮತ್ತಷ್ಟು ಕುಗ್ಗುತ್ತದೆ. ಮೋಟಾರ್ ಸ್ಟಾರ್ಟ್ ಆಯ್ತು, ಮೋಟಾರ್ ಸ್ಟಾರ್ಟ್ ಮಾಡ್ದ. ಲೈಟ್ ಆಫ್ ಆಯ್ತು, ಲೈಟ್ ಆಫ್ ಮಾಡ್ದ. ಎರವಲು ಬಂದ ಕ್ರಿಯೆಗಳಲ್ಲಿ ಈ ಕೆಲಸವನ್ನು ‘ಆಗು’, ‘ಮಾಡು’ ವಹಿಸಿಕೊಂಡಿವೆ. ಕೆಲಸ ಮುಗಿಸಿ ಬಂದ ಅಪ್ಪ ಅಮ್ಮ ಮನೆಯಲ್ಲೂ ಇದೇ ಮಾತಾಡುತ್ತಾರೆ.

ಆದ್ದರಿಂದ ಮಕ್ಕಳು ತಾವು ಕೇಳಿದ ಮಾತಿಗೆ ವಿರುದ್ಧವಾಗಿ ನಡೆದರೆಂಬ ತೀರ್ಮಾನ ನಿಲ್ಲುವುದಿಲ್ಲ. ಹಾಗೆಂದು ಗೋಲ್ಡ್‌ಬರ್ಗ್ ಗೆದ್ದರೆಂದೂ ಅಲ್ಲ. ಕೇಳುಗರಿಗೆ ಗೊತ್ತಿರುವುದನ್ನು ಬಿಡುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ, ಹೆಸರಿಸದವರು ಮುಖ್ಯರಲ್ಲವೆಂದು ಕನ್ನಡದ ಮಗು ನಂಬಿದರೆ ಹೆಜ್ಜೆಹೆಜ್ಜೆಗೂ ಎಡವಬೇಕಾಗುತ್ತದೆ.

‘ಇಸು’ವನ್ನು ನಿಜಕ್ಕೂ ಪರೀಕ್ಷಿಸಬೇಕೆಂದಿದ್ದರೆ ಅದು ಒಂಟಿಯಾಗಿ ಅರ್ಥ ಹೊರುವ ಜಾಗಕ್ಕೆ ಹೋಗಬೇಕು. “ಅಪ್ಪ ಗಾಡಿ ಸರ್ವಿಸ್ ಮಾಡ್ದ”, “ಅಪ್ಪ ಗಾಡಿ ಸರ್ವಿಸ್ ಮಾಡ್ಸ್ದ”. ನಾಮಪದಗಳ ಎಣಿಕೆ ಎರಡರಲ್ಲೂ ಅಷ್ಟೇ. ಎರಡನೆಯದರಲ್ಲಿ ಹೆಸರಿಲ್ಲದ ಮೆಕ್ಯಾನಿಕ್ ಒಬ್ಬನಿದ್ದಾನೆ. ಆಟಿಕೆಗಳ ನಡುವೆ ಒಂದು ಹೆಚ್ಚಿನ ಗೊಂಬೆಯನ್ನಿಟ್ಟು, ಎರಡನೆಯ ವಾಕ್ಯಕ್ಕೆ ಮಗು ಅದನ್ನು ಕೈಗೆತ್ತಿಕೊಳ್ಳುತ್ತದೆಯೇ ಎಂದು ನೋಡಬೇಕು.