ವಾಹನದೊಳಗೆ ಬಾನುಲಿ: ತಂತಿಗಳು ಹೇಳುವ ಚರಿತ್ರೆ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರಸ್ತೆಗಳಲ್ಲಿ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕಿವಿಗೆ ಬೀಳುತ್ತದೆ. ಈ ಸ್ಪೀಕರುಗಳನ್ನು ಟ್ರ್ಯಾಕ್ಟರ್ ತಯಾರಕರು ಕೂಡಿಸಿದ್ದಲ್ಲ. ಮಾಲೀಕನೋ ಚಾಲಕನೋ ಪೇಟೆಯಿಂದ ಸೆಟ್ಟು ತಂದು, ಗೆಳೆಯನೊಬ್ಬನ ನೆರವಿನಿಂದ ತಾನೇ ಜೋಡಿಸಿಕೊಂಡಿರುತ್ತಾನೆ. ಜೀಪು, ಟ್ರ್ಯಾಕ್ಸು, ಹಳೆಯ ಕಾರುಗಳದೂ ಇದೇ ಕಥೆ. ಈ ಸೀಮೆಯಲ್ಲಿ ಶಾಲೆಯ ಹೊರಗೆ ನಡೆಯುವ ವಿದ್ಯುತ್ ಪ್ರಯೋಗಗಳಲ್ಲಿ ಇದೇ ಅತಿ ಸಾಮಾನ್ಯವಾದುದಿರಬೇಕು.

ಸೆಟ್ಟಿನ ಹಿಂಬದಿಯಿಂದ ಹಳದಿ, ಕೆಂಪು, ಕಪ್ಪು, ನೀಲಿ ಹಾಗೂ ಎಂಟು ಜೋಡಿಬಣ್ಣದ ತಂತಿಗಳು ಹೊರಬರುತ್ತವೆ. ಇವುಗಳ ಹಿಂದೆ ತೊಂಬತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಅದನ್ನು ಅರಿತವನಿಗೆ ಜೋಡಣೆ ಒಂದು ಪಾಠ. ಅರಿಯದವನಿಗೆ ಅದು ಬೆಂಕಿಗೂ ದಾರಿಯಾಗಬಹುದು.

ಕಾರೇ ಒಂದು ಪ್ರೇಷಕ

1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ಮತ್ತು ಜೋಸೆಫ್ ಗ್ಯಾಲ್ವಿನ್ ಸೋದರರ ಪುಟ್ಟ ಕಂಪನಿಯು ಸ್ಟುಡಿಬೇಕರ್ ಕಾರೊಂದರಲ್ಲಿ ರೇಡಿಯೊ ಕೂಡಿಸಿತು. ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಮಾವೇಶ ನಡೆದಿತ್ತು. ಗ್ಯಾಲ್ವಿನ್ ಕಾರನ್ನು ಅದರ ಹೊರಗೆ ನಿಲ್ಲಿಸಿ, ರೇಡಿಯೊ ನುಡಿಸಿ ಗಿರಾಕಿಗಳನ್ನು ಸೆಳೆದರು. ಆ ಸೆಟ್ಟಿಗಿಟ್ಟ ಹೆಸರು ಮೋಟರೋಲ. 1947ರಲ್ಲಿ ಕಂಪನಿಗೂ ಅದೇ ಹೆಸರಾಯಿತು. ಕಾರು ರೇಡಿಯೊ ಅಲ್ಲಿಯವರೆಗೆ ಇರಲೇ ಇಲ್ಲವೆಂದಲ್ಲ; ಅದನ್ನು ಕೈಗೆಟಕುವ ಸರಕಾಗಿಸಿದ್ದು ಇವರ ಸಾಧನೆ. ಯುರೋಪಿನಲ್ಲಿ 1932ರಲ್ಲಿ ಬ್ಲೌಪುಂಕ್ಟ್ ಕಂಪನಿ ಕಾರು ರೇಡಿಯೊ ತಂದಿತು.

ಅಂದಿನ ಮುಖ್ಯ ತೊಡಕು ಗದ್ದಲ. ಪೆಟ್ರೋಲ್ ಎಂಜಿನ್ನಿನಲ್ಲಿ ಸುರುಳಿಯ ಪ್ರವಾಹವನ್ನು ಥಟ್ಟನೆ ಕಡಿದಾಗ ಹತ್ತು ಸಾವಿರ ವೋಲ್ಟಿಗೂ ಹೆಚ್ಚಿನ ವಿಭವ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹರ್ಟ್ಸ್ 1880ರ ದಶಕದಲ್ಲಿ ವಿದ್ಯುತ್ಕಾಂತ ತರಂಗಗಳನ್ನು ಹೊಮ್ಮಿಸಿದ್ದು ಇಂತಹ ಕಿಡಿಯಿಂದಲೇ. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತದಲ್ಲಿ ತೋರಿಸಿದ ಪ್ರಯೋಗದಲ್ಲಿಯೂ ತರಂಗಗಳ ಮೂಲ ಕಿಡಿಯೇ. ಅಂದರೆ ಕಾರು ತನಗರಿವಿಲ್ಲದೆ ಎಲ್ಲ ಆವೃತ್ತಿಗಳಲ್ಲಿ ಕಿರುಚುವ ಪ್ರೇಷಕ. ಅದರ ಮಗ್ಗುಲಲ್ಲೇ ದೂರದ ಕೇಂದ್ರದ ಕ್ಷೀಣ ಸಂಜ್ಞೆಯನ್ನು ರೇಡಿಯೊ ಹಿಡಿಯಬೇಕಿತ್ತು. ಪ್ಲಗ್ಗಿನ ತಂತಿಯಲ್ಲಿ ಸಾವಿರಾರು ಓಮ್‌ಗಳ ರೋಧಕ, ಜನರೇಟರಿಗೆ ಧಾರಕ, ಬಾನೆಟ್ಟಿನಿಂದ ಚಾಸಿಗೆ ಲೋಹದ ಪಟ್ಟಿ: ಇವು ಅಂದು ಕಂಡುಕೊಂಡ ಪರಿಹಾರಗಳು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಆದ್ದರಿಂದ ಟ್ರ್ಯಾಕ್ಟರಿನಲ್ಲಿ ಈ ಚಟಪಟ ಸದ್ದೂ ಇಲ್ಲ. ಆದರೆ ಎಂಜಿನ್ ವೇಗದೊಂದಿಗೆ ಏರಿಳಿಯುವ 'ಗುಂಯ್' ಎನ್ನುವ ಸ್ವರ ಅಲ್ಲಿಯೂ ಕೇಳಿಸಬಹುದು. ಆಲ್ಟರ್ನೇಟರಿನ ಮೂರು ಹಂತಗಳ ಪ್ರವಾಹವನ್ನು ಡಯೋಡುಗಳು ಏಕಮುಖಗೊಳಿಸಿದ ಮೇಲೂ ಉಳಿಯುವ ಏರಿಳಿತವದು. ಸೆಟ್ಟಿಗೂ ಆಂಪ್ಲಿಫೈಯರಿಗೂ ಬೇರೆ ಬೇರೆ ಜಾಗದಲ್ಲಿ ಅರ್ಥ್ ಕೊಟ್ಟರೆ ಆ ಎರಡು ಜಾಗಗಳ ನಡುವಿನ ಅಲ್ಪ ವಿಭವಾಂತರವೇ ಸಂಜ್ಞೆಯೊಡನೆ ಸೇರಿಕೊಳ್ಳುತ್ತದೆ. ಕಪ್ಪು ತಂತಿಗಳನ್ನೆಲ್ಲ ಬಣ್ಣ ಕೆರೆದ ಒಂದೇ ಲೋಹದ ಜಾಗಕ್ಕೆ ಬಿಗಿಯಬೇಕೆಂಬ ಮೆಕ್ಯಾನಿಕನ ನಿಯಮಕ್ಕೆ ಓಮನ ನಿಯಮವೇ ಆಧಾರ.

ಆರು ವೋಲ್ಟಿನಿಂದ ಇನ್ನೂರಕ್ಕೆ

ಎರಡನೆಯ ತೊಡಕು ವಿಭವ. ನಿರ್ವಾತ ನಳಿಕೆಗಳಿಗೆ ಇನ್ನೂರರ ಆಸುಪಾಸಿನ ವೋಲ್ಟ್ ಬೇಕು. ಅಂದಿನ ಬಹುತೇಕ ಕಾರುಗಳ ಬ್ಯಾಟರಿ ಕೊಡುತ್ತಿದ್ದುದು ಆರು. ಮೊದಮೊದಲು ಕಾರಿನ ನೆಲ ಕೊರೆದು ಪ್ರತ್ಯೇಕ ಬ್ಯಾಟರಿಗಳನ್ನು ಇಡುತ್ತಿದ್ದರು. ಜೋಡಣೆಗೆ ದಿನಗಳೇ ಹಿಡಿಯುತ್ತಿದ್ದವು. ಆಮೇಲೆ ಬಂದದ್ದು 'ವೈಬ್ರೇಟರ್'. ಕರೆಗಂಟೆಯ ಸುತ್ತಿಗೆಯಂತೆ ಅದುರುವ ಲೋಹದ ಪಟ್ಟಿಯು ನೇರ ಪ್ರವಾಹವನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕಡಿದು ಕೂಡಿಸುತ್ತಿತ್ತು. ಪರಿವರ್ತಕವು ವಿಭವವನ್ನು ಏರಿಸುತ್ತಿತ್ತು. ಸೆಟ್ಟು ಹಾಕಿದೊಡನೆ ಕೇಳಿಸುತ್ತಿದ್ದ ಝೇಂಕಾರ ಇದರದು.

1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಈ ಸರಂಜಾಮನ್ನೆಲ್ಲ ಮೂಲೆಗೊತ್ತಿತು. ನಳಿಕೆಗಳಿಲ್ಲದ ಪೂರ್ಣ ಟ್ರಾನ್ಸಿಸ್ಟರ್ ಕಾರು ರೇಡಿಯೊವನ್ನು 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೊ ಕಂಪನಿಗಳು ಪ್ರಕಟಿಸಿದವು. ಬ್ಯಾಟರಿಯ ಹನ್ನೆರಡು ವೋಲ್ಟೇ ನೇರವಾಗಿ ಸಾಕಾಯಿತು. ನಮ್ಮಲ್ಲಿ 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, 1960ರ ದಶಕದ ಆರಂಭದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ತಯಾರಿಕೆಗೆ ತೊಡಗಿತು.

ಧಾರವಾಡ ಕೇಂದ್ರ, ಒಂದು ಮೀಟರ್ ಕಡ್ಡಿ

ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದರು. ನಮ್ಮ ಭಾಗಕ್ಕೆ ರೇಡಿಯೊ ಎಂದರೆ 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರ. ಬೈಲಹೊಂಗಲದಿಂದ ಅದರ ನೇರ ದೂರ ನಲವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಅಂದು ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಆ ಪದ್ಧತಿ 1980ರ ದಶಕದಲ್ಲಿ ರದ್ದಾಯಿತು.

ಮಧ್ಯಮ ತರಂಗದಲ್ಲಿ ಧಾರವಾಡದ ಆವೃತ್ತಿ 765 ಕಿಲೋಹರ್ಟ್ಸ್ ಆಗಿತ್ತು. ಅದರ ಅಲೆಯುದ್ದ ಸುಮಾರು 392 ಮೀಟರ್. ಕಾಲಲೆಯ ಆಂಟೆನಾ ಬೇಕೆಂದರೆ 98 ಮೀಟರ್ ಎತ್ತರ ಬೇಕು. ಕಾರಿನ ಮೇಲಿರುವುದು ಒಂದು ಮೀಟರ್ ಕಡ್ಡಿ. ಇಷ್ಟು ಗಿಡ್ಡ ಕಡ್ಡಿ ವಾಸ್ತವದಲ್ಲಿ ಕೆಲವೇ ಪಿಕೊಫ್ಯಾರಡ್‌ಗಳ ಒಂದು ಧಾರಕ. ಅದಕ್ಕೆ ಟಿ.ವಿ. ಕೇಬಲ್ ಸೇರಿಸಿ ಉದ್ದ ಮಾಡಿದರೆ ಮೀಟರಿಗೆ ಸುಮಾರು 60 ಪಿಕೊಫ್ಯಾರಡ್ ಸಮಾಂತರವಾಗಿ ಕೂಡಿ, ಸಂಜ್ಞೆ ಹಂಚಿಹೋಗಿ ಕೇಂದ್ರ ಮಂಕಾಗುತ್ತದೆ. ಕಾರು ಆಂಟೆನಾದ ಕೇಬಲಿನಲ್ಲಿ ನಡುವಿನ ತಂತಿ ಕೂದಲಿನಷ್ಟು ಸಣ್ಣಗಿರುವುದು ಧಾರಕತೆಯನ್ನು ತಗ್ಗಿಸಲೆಂದೇ. ಹಳೆಯ ಸೆಟ್ಟುಗಳಲ್ಲಿ ಆಂಟೆನಾಕ್ಕೆ ಹೊಂದಿಸಲು ತಿರುಗಿಸುತ್ತಿದ್ದ ಪುಟ್ಟ ಸ್ಕ್ರೂ ಕೂಡ ಒಂದು ಚರ ಧಾರಕ.

ಎಫ್.ಎಂ. ಬಂದಾಗ ಲೆಕ್ಕ ಬದಲಾಯಿತು. 100 ಮೆಗಾಹರ್ಟ್ಸ್‌ನ ಅಲೆಯುದ್ದ ಮೂರು ಮೀಟರ್, ಕಾಲು ಭಾಗ 75 ಸೆಂಟಿಮೀಟರ್. ಅದೇ ಕಡ್ಡಿ ಈಗ ಸರಿಯಾದ ಅಳತೆಯದಾಯಿತು. ಭಾರತದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ 2001ರಲ್ಲಿ ತೆರೆಯಿತು.

ಪೆಟ್ಟಿಗೆಗೆ ಅಳತೆ, ತಂತಿಗೆ ಬಣ್ಣ

ಫಿಲಿಪ್ಸ್ ಕಂಪನಿಯ ಕ್ಯಾಸೆಟ್ 1963ರಲ್ಲಿ ಬಂದಿತು. ಕೇಂದ್ರ ಪ್ರಸಾರ ಮಾಡಿದ್ದನ್ನಷ್ಟೇ ಕೇಳುತ್ತಿದ್ದ ಚಾಲಕನ ಕೈಗೆ ಆಯ್ಕೆಯೂ ಬಂತು. 1984ರಲ್ಲಿ ಕಾರಿಗೆಂದೇ ಸಿ.ಡಿ. ಪ್ಲೇಯರುಗಳು ಮಾರುಕಟ್ಟೆ ಸೇರಿದವು. ಹೀಗೆ ಸೆಟ್ಟು ಮೇಲಿಂದ ಮೇಲೆ ಬದಲಾಗುವಾಗ ಕಾರು ಬದಲಾಗದಿರಲು ಒಂದು ಒಪ್ಪಂದ ಬೇಕಿತ್ತು. ಜರ್ಮನಿಯ 'ಡಿನ್' ಮಾನಕದಿಂದ ಬೆಳೆದ ಅಂತಾರಾಷ್ಟ್ರೀಯ ಮಾನಕವು ಡ್ಯಾಶ್‌ಬೋರ್ಡಿನ ತೆರಪನ್ನು ಸುಮಾರು 182 × 53 ಮಿಲಿಮೀಟರಿಗೆ ನಿಗದಿಗೊಳಿಸಿತು. ಯಾರದೋ ಸೆಟ್ಟು ಇನ್ಯಾರದೋ ಕಾರಿನಲ್ಲಿ ಕೂರುವುದು ಈ ಒಪ್ಪಂದದಿಂದಲೇ.

ಬಣ್ಣಗಳೂ ರೂಢಿಯಾದವು. ಕೆಂಪು ತಂತಿ ಬೀಗದ ಕೈ ತಿರುಗಿಸಿದಾಗ ಮಾತ್ರ ವಿದ್ಯುತ್ ಪಡೆಯುತ್ತದೆ. ಹಳದಿಗೆ ಸದಾ ಬ್ಯಾಟರಿಯ ಸಂಪರ್ಕ. ಅಂಕೀಯ ಟ್ಯೂನರು ತನ್ನ ಕೇಂದ್ರಗಳನ್ನು, ಗಡಿಯಾರವನ್ನು ನೆನಪಿಡಬೇಕಾದಾಗ ಈ ಹಳದಿ ತಂತಿ ಅಗತ್ಯವಾಯಿತು. ಎರಡನ್ನೂ ಕೀಲಿಗೆ ಸೇರಿಸಿದರೆ ಸೆಟ್ಟು ದಿನವೂ ಮರೆಯುತ್ತದೆ; ಎರಡನ್ನೂ ಬ್ಯಾಟರಿಗೆ ಸೇರಿಸಿದರೆ ಬ್ಯಾಟರಿ ಬರಿದಾಗುವ ಸಂಭವವಿದೆ. ನೀಲಿಯದು ಆಂಟೆನಾ ಅಥವಾ ಆಂಪ್ಲಿಫೈಯರನ್ನು ಎಚ್ಚರಿಸುವ ಕೆಲಸ. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರುಗಳವು.

ಐವತ್ತು ವಾಟ್ ಎಂಬ ಲೆಕ್ಕ

ಸೆಟ್ಟಿನ ಮುಖದ ಮೇಲೆ '4 × 50 ವಾಟ್' ಎಂದಿರುತ್ತದೆ. ಇದನ್ನು ಪಿ.ಯು. ವಿದ್ಯಾರ್ಥಿಯೇ ಪರೀಕ್ಷಿಸಬಹುದು. ಎಂಜಿನ್ ಓಡುವಾಗ ವಿಭವ 14.4 ವೋಲ್ಟ್, ಸ್ಪೀಕರ್ 4 ಓಮ್ ಎನ್ನೋಣ. ಹಳೆಯ ಸೆಟ್ಟಿನಲ್ಲಿ ಸ್ಪೀಕರಿನ ಒಂದು ತುದಿ ಬಾಡಿಗೆ ಸೇರುತ್ತಿತ್ತು; ಸಂಜ್ಞೆಯ ಶಿಖರ 7.2 ವೋಲ್ಟಿಗೆ ಸೀಮಿತ. ಸಾಮರ್ಥ್ಯ ಹೆಚ್ಚೆಂದರೆ 6.5 ವಾಟ್. ಹೊಸ ಸೆಟ್ಟಿನ ಸೇತುವೆ ಮಂಡಲದಲ್ಲಿ ಎರಡು ವರ್ಧಕಗಳು ಸ್ಪೀಕರಿನ ಎರಡು ತುದಿಗಳನ್ನು ವಿರುದ್ಧ ದಿಕ್ಕಿಗೆ ತಳ್ಳುತ್ತವೆ. ಶಿಖರ 14.4 ವೋಲ್ಟ್, ಸಾಮರ್ಥ್ಯ ನಾಲ್ಕು ಪಟ್ಟು, ಅಂದರೆ 26 ವಾಟ್. ಐವತ್ತು ಬರುವುದು ಸಂಜ್ಞೆ ಪೂರ್ತಿ ವಿಕೃತಗೊಂಡು ಚೌಕಾಕಾರದ ಅಲೆಯಾದಾಗ ಮಾತ್ರ. ಇನ್ನೊಂದು ಪಾಠವೂ ಇದರಲ್ಲಿದೆ: ಹೊಸ ಸೆಟ್ಟಿನಲ್ಲಿ ಸ್ಪೀಕರಿನ ಯಾವ ತಂತಿಯನ್ನೂ ಬಾಡಿಗೆ ಮುಟ್ಟಿಸಕೂಡದು. ಹಳೆಯ ರೂಢಿಯಂತೆ ಮುಟ್ಟಿಸಿದರೆ ವರ್ಧಕದ ಐ.ಸಿ. ಸುಡಬಹುದು.

ಟ್ರ್ಯಾಕ್ಟರಿಗೆ ಬಂದರೆ, ಅನೇಕ ಟ್ರ್ಯಾಕ್ಟರುಗಳ ಆಲ್ಟರ್ನೇಟರು 36 ಆಂಪಿಯರ್ ಆಸುಪಾಸಿನದು. ನಿಜವಾಗಿ 400 ವಾಟ್ ಕೊಡುವ, ಶೇ. 60 ದಕ್ಷತೆಯ ಆಂಪ್ಲಿಫೈಯರು ಪೂರ್ಣ ಸಾಮರ್ಥ್ಯದಲ್ಲಿ 48 ಆಂಪಿಯರ್ ಎಳೆಯುತ್ತದೆ. ಕೊರತೆಯನ್ನು ಬ್ಯಾಟರಿಯೇ ತುಂಬಬೇಕು.

ಫ್ಯೂಸಿನ ಜಾಗ

ಗ್ಯಾಲ್ವಿನ್ ಸಾಲಕ್ಕಾಗಿ ಬ್ಯಾಂಕರೊಬ್ಬರ ಕಾರಿಗೆ ರೇಡಿಯೊ ಕೂಡಿಸಿಕೊಟ್ಟರೆಂದೂ, ಅರ್ಧ ಗಂಟೆಯಲ್ಲಿ ಆ ಕಾರು ಹೊತ್ತಿ ಉರಿಯಿತೆಂದೂ ಒಂದು ಕಥೆ ಪ್ರಚಲಿತವಾಗಿದೆ. ಕಥೆ ಹೇಗಾದರೂ ಇರಲಿ, ಅದರ ಭೌತವಿಜ್ಞಾನ ಸರಿಯಾಗಿದೆ. 1.5 ಚದರ ಮಿ.ಮೀ. ದಪ್ಪದ, 3 ಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು 0.035 ಓಮ್, ಬ್ಯಾಟರಿಯ ಆಂತರಿಕ ರೋಧ 0.01 ಎಂದಿಟ್ಟುಕೊಳ್ಳೋಣ. ತಂತಿಯ ಕೊನೆ ಎಲ್ಲೋ ಉಜ್ಜಿ ಬಾಡಿಗೆ ತಗುಲಿದರೆ ಹರಿಯುವ ಪ್ರವಾಹ 270 ಆಂಪಿಯರ್. ತಂತಿಯೊಂದರಲ್ಲೇ ಎರಡೂವರೆ ಕಿಲೋವಾಟ್ ಶಾಖ! ಹನ್ನೆರಡು ವೋಲ್ಟು ಮೈಗೆ ಶಾಕ್ ಕೊಡುವುದಿಲ್ಲವೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಸೆಟ್ಟಿನ ಹಿಂಬದಿಯ ಫ್ಯೂಸು ಸೆಟ್ಟನ್ನು ಮಾತ್ರ ಕಾಯುತ್ತದೆ. ತಂತಿಯನ್ನು ಕಾಯುವ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಕೆಲಸ ಆರಂಭಿಸುವ ಮೊದಲು ಋಣ ತುದಿಯನ್ನು ಬಿಚ್ಚುವುದೂ ಇದೇ ಕಾರಣಕ್ಕೆ.

ಅಬ್ಬರದ ಮಾತೂ ಇಲ್ಲಿ ಪ್ರಸ್ತುತ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ನೂರು ಡೆಸಿಬೆಲ್ ಸದ್ದನ್ನು ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಕೇಳುವುದು ಕಿವಿಗೆ ಹಾನಿಕರವೆಂದು ತಜ್ಞರ ಲೆಕ್ಕ. ಎರಡು ಟ್ರೇಲರ್ ಕಬ್ಬು ಎಳೆಯುವ ಚಾಲಕನಿಗೆ ಹಿಂದಿನ ವಾಹನದ ಹಾರ್ನ್ ಕೇಳದಿದ್ದರೆ ಪರಿಣಾಮ ಅವನೊಬ್ಬನಿಗಷ್ಟೇ ಅಲ್ಲ.

ಇಂದಿನ ಅನೇಕ ಕಾರುಗಳಲ್ಲಿ ಸ್ಪರ್ಶಪರದೆ, ಹಿಂಬದಿ ಕ್ಯಾಮೆರಾ, ಗಾಳಿಯ ನಿಯಂತ್ರಣಗಳೆಲ್ಲ ಒಂದೇ ಜಾಲದಲ್ಲಿ ಬೆಸೆದುಕೊಂಡಿವೆ. ಅಲ್ಲಿ ಸೆಟ್ಟನ್ನು ಮಾತ್ರ ಬಿಚ್ಚಿ ಬದಲಿಸುವುದು ಸುಲಭವಲ್ಲ. ಆದರೆ ನಮ್ಮ ಗ್ಯಾರೇಜುಗಳ ಮೂಲೆಯಲ್ಲಿ ಹಳೆಯ ಸೆಟ್ಟುಗಳು ಇನ್ನೂ ಬಿದ್ದಿರುತ್ತವೆ. ಅಂಥದೊಂದನ್ನು ತಂದು, ಒಂದು ಬ್ಯಾಟರಿ, ಫ್ಯೂಸು, ಮಲ್ಟಿಮೀಟರ್, ಎರಡು ಸ್ಪೀಕರುಗಳೊಂದಿಗೆ ಶಾಲೆಯ ಮೇಜಿನ ಮೇಲಿಟ್ಟರೆ ಓಮನ ನಿಯಮ, ಧಾರಕ, ಅಲೆಯುದ್ದ, ಸಾಮರ್ಥ್ಯಗಳ ಪಾಠ ಒಂದೆಡೆ ಸಿಗುತ್ತದೆ. ಮುಂದೆ ಟ್ರ್ಯಾಕ್ಟರಿಗೆ ಸೆಟ್ಟು ಕೂಡಿಸಲಿರುವ ಹುಡುಗ ಇಂದು ಅದೇ ತರಗತಿಯಲ್ಲಿ ಕುಳಿತಿರುತ್ತಾನೆ. ಫ್ಯೂಸು ಎಲ್ಲಿರಬೇಕೆಂಬುದನ್ನು ಅವನು ಅಲ್ಲಿಯೇ ಕಲಿಯಲಿ.